ಗಾರೆ ಒಣಗುವ ಮೊದಲು

ಮೆಕ್ಸಿಕೋ ನಗರ
ಫೆಬ್ರವರಿ ೨೭, ೨೦೨೫, ಗುರುವಾರ

ತಮ್ಮ ಮುನಿಕೃಷ್ಣನಿಗೆ ಅಕ್ಕ ಶಾಮಲಮ್ಮ ಬರೆಯುವುದು,

ತಲುಪಿದೆ ಕಣೋ. ಎರಡು ವಿಮಾನ ಬದಲಾಯಿಸಿ, ಕೂತು ಕೂತು ಕಾಲು ಊದಿಕೊಂಡು ಚಪ್ಪಲಿಯೊಳಕ್ಕೇ ಹೋಗ್ತಾ ಇಲ್ಲ. ಆದರೂ ಬೆಳಿಗ್ಗೆ ಕಿಟಕಿ ತೆಗೆದರೆ ಬೀದಿಯಲ್ಲಿ ನೇರಳೆ ಬಣ್ಣದ ಹೂವಿನ ಮರ. ಈ ದಿನಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಬಿಡುತ್ತಲ್ಲ, ಅದೇ. ಇಷ್ಟು ದೂರ ಬಂದು ಗುರುತಿನವರನ್ನು ಕಂಡಂತಾಗಿ ಕೈ ಮುಗಿದುಬಿಟ್ಟೆ.

ಫೋನ್ ಮಾಡೋದು ಬೇಡ ಅಂತ ಹೊರಡುವಾಗಲೇ ಮಾತಾಗಿದೆ, ಮರೀಬೇಡ. ನಿನಗೆ ಕಿವಿ ಮಂದ. ನಾನು ಇಲ್ಲಿಂದ ಅರಚಿದರೆ ಹೋಟೆಲಿನವರು ಗಾಬರಿಯಾಗಿ ಓಡಿಬರ್ತಾರೆ. ಕಾಗದ ಬರೆದು ಫೋಟೋ ತೆಗೆದು ನಿನ್ನ ಮಗಳು ಶಿರೀಷಾ ಫೋನಿಗೆ ಕಳಿಸ್ತೀನಿ, ಅವಳು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ನಿನ್ನ ಕೈಗೆ ಕೊಡಲಿ. ನೀನೂ ಹಾಗೇ ಮಾಡು. ಬರೆಯೋಕೆ ಬರಲ್ಲ ಅಂತ ನೆಪ ಹೇಳಬೇಡ. ಏಳನೇ ಕ್ಲಾಸಿನವರೆಗೆ ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ.

ನಮ್ಮ ಗುಂಪಿನಲ್ಲಿ ಹನ್ನೊಂದು ಜನ. ಬೆಂಗಳೂರಿನ ಟೂರ್ ಕಂಪನಿಯ ಮುರಳಿಮೋಹನ್ ಹಳದಿ ಬಾವುಟ ಹಿಡಿದು ಮುಂದೆ ನಡೀತಾನೆ, ನಾವು ಹಿಂದೆ ಕುರಿಮಂದೆ. ಇಲ್ಲಿಯ ಗೈಡ್ ಒಬ್ಬಳು ಹೆಂಗಸು, ಲೂಪೆ ಅಂತ. ಹದಿನೈದು ದಿನವೂ ಬರೀ ಗೋಡೆ ಚಿತ್ರಗಳು, ಹೊಸ ಕಾಲದ ಕಟ್ಟಡಗಳು. ಮೂವತ್ತು ವರ್ಷ ಮಾಲೂರಿನಲ್ಲಿ ಡ್ರಾಯಿಂಗ್ ಮೇಡಂ ಆಗಿ ಮಕ್ಕಳ ಕೈಲಿ ಮಾವಿನ ಎಲೆ, ಹೂದಾನಿ ಬರೆಸಿದ್ದೇ ಬರೆಸಿದ್ದು. ಟ್ರೈನಿಂಗ್ ಕಾಲೇಜಿನ ಪುಸ್ತಕದಲ್ಲಿ ಇಲ್ಲಿಯ ಒಂದು ಗೋಡೆಯ ಕಪ್ಪು ಬಿಳುಪು ಚಿತ್ರ ನೋಡಿದ್ದೆ. ಅದರ ಬಣ್ಣ ಏನಿರಬಹುದು ಅಂತ ಅವತ್ತಿನಿಂದ ಇವತ್ತಿನವರೆಗೂ ತಲೆ ಕೆಡಿಸಿಕೊಂಡಿದ್ದೀನಿ.

ಈಗ ಮುಖ್ಯ ವಿಷಯ. ಊರಿನ ಹೊಸ ಡೈರಿ ಕಟ್ಟಡದ ರಸ್ತೆ ಕಡೆ ಗೋಡೆ. ನೀನು ಹತ್ತು ದಿನ ಸುಣ್ಣದ ಗಾರೆ ಮಾಡಿಕೊಟ್ಟ ಗೋಡೆ, ನನ್ನ ಜೀವನದಲ್ಲಿ ನನಗೆ ಅಂತ ಸಿಕ್ಕಿದ ಒಂದೇ ಒಂದು ಗೋಡೆ. ಅದರ ಮೇಲೆ ಹಾಲಿನ ಕ್ಯಾನು ಹಿಡಿದ ಒಂಬತ್ತು ಹೆಂಗಸರನ್ನು ಇದ್ದಲಿನಲ್ಲಿ ಬರೆದಿಟ್ಟು ಬಂದಿದ್ದೀನಿ. ಎಡತುದಿಯಲ್ಲಿ ಅಮ್ಮ. ಡೈರಿ ಶುರುವಾದ ವರ್ಷದಿಂದ ಹಾಲು ಹಾಕಿದವಳು, ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಹೋದವಳು. ಡೈರಿ ಕಾರ್ಯದರ್ಶಿ ಮುನಿರಾಮಪ್ಪ ಹೇಳಿದ ಮಾತು ನೆನಪಿದೆ ತಾನೆ? ಮಾರ್ಚ್ ಹದಿನಾರು, ಭಾನುವಾರ ಉದ್ಘಾಟನೆ. ಅವತ್ತಿಗೆ ಚಿತ್ರ ಪೂರ್ತಿ ಆಗಿರದಿದ್ದರೆ ಗೋಡೆ ಸಿಮೆಂಟ್ ಕಂಪನಿ ಜಾಹೀರಾತಿಗೆ. ನಾನು ಹದಿನೈದಕ್ಕೆ ಬೆಳಿಗ್ಗೆ ಬಂದು ಇಳೀತೀನಿ. ಗೆರೆ ಎಲ್ಲ ಇದೆ, ಬಣ್ಣ ತುಂಬೋಕೆ ನನ್ನ ಹಳೇ ಶಿಷ್ಯರು ಬರ್ತಾರೆ, ಒಂದು ಹಗಲು ಸಾಕು. ಅಲ್ಲಿವರೆಗೆ ಆ ಗೆರೆ ಕಾಯೋದು ನಿನ್ನ ಕೆಲಸ. ಆವಲಪ್ಪನ ಮೇಕೆಗಳನ್ನು ಹತ್ತಿರ ಬಿಡಬೇಡ.

ನಿನ್ನ ಅಕ್ಕ,
ಶಾಮಲ

*

ಟೇಕಲ್
ಮಾರ್ಚ್ ೧, ಶನಿವಾರ

ಅಕ್ಕನಿಗೆ ಮುನಿಕೃಷ್ಣನ ನಮಸ್ಕಾರ.

ಕಾಗದ ಬಂತು. ಪ್ರಿಂಟ್ ಹಾಕೋನು ನಿನ್ನ ಅಕ್ಷರ ನೋಡಿ, ಯಾರ್ರೀ ಇವರು, ಮುತ್ತು ಜೋಡಿಸಿದ ಹಾಗೆ ಬರ್ದಿದ್ದಾರೆ ಅಂದ. ನನ್ನದು ನೋಡಿ ಏನಂತಾನೋ. ಕರಣೆ ಹಿಡಿದ ಕೈಗೆ ಪೆನ್ನು ಜಾರ್ತದೆ.

ನಾವೆಲ್ಲ ಸೌಖ್ಯ. ಶಿರೀಷಾ ಗಿಡ ನೆಟ್ಟಿದ್ದ ಟೊಮೇಟೊ ಹಣ್ಣಾಗ್ತಾ ಇದೆ. ಮುನಿರಾಮಪ್ಪ ಉದ್ಘಾಟನೆಗೆ ಶಾಮಿಯಾನ ಹೇಳಿದ್ದಾನೆ. ಸಿಮೆಂಟ್ ಕಂಪನಿಯೋನು ಒಂದು ಸಲ ಬಂದು ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋದ. ನಾನು ಎದುರಿಗೇ ನಿಂತು, ಅಳೆಯೋಕೇನು ಕಾಸು ಕೊಡಬೇಕಾಗಿಲ್ಲ, ಅಳ್ಕೋ ಅಂದೆ.

ಮೇಕೆ ವಿಷಯ ನೀನು ಹೇಳಿದ್ದು ಸರಿಯೇ. ನಿನ್ನೆ ಒಂದು ಬಂದು ಮೈ ಉಜ್ಜಿ ಬಲತುದಿಯಲ್ಲಿರೋಳ ಸೆರಗು ಅಳಿಸಿಹಾಕ್ತು. ಇದ್ದಲು ಅಲ್ವಾ, ಮುಟ್ಟಿದ್ರೆ ಕೈಗೆ ಬರ್ತದೆ. ಗಾಳಿಗೂ ಉದುರ್ತದೆ. ಅದಕ್ಕೆ ನಾನೊಂದು ಏರ್ಪಾಡು ಮಾಡ್ತೀನಿ. ಸುಣ್ಣದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಆರಾಮಾಗಿ ಊರು ನೋಡ್ಕೊಂಡು ಬಾ.

ಕಾಲಿಗೆ ಬಿಸಿ ನೀರಲ್ಲಿ ಉಪ್ಪು ಹಾಕಿ ಇಟ್ಕೋ.

ಮುನಿಕೃಷ್ಣ

*

ಮೆಕ್ಸಿಕೋ ನಗರ
ಮಾರ್ಚ್ ೩, ಸೋಮವಾರ

ಮುನೀ,

ಎಂಥಾ ಏರ್ಪಾಡೋ ಏನೋ, ತೆಂಗಿನ ಗರಿ ಕಟ್ಟಿಸಿರ್ತೀಯಾ. ಒಳ್ಳೇದಾಯ್ತು.

ಇವತ್ತು ಹಳೇ ಶಿಕ್ಷಣ ಇಲಾಖೆಯ ಕಟ್ಟಡಕ್ಕೆ ಹೋಗಿದ್ವಿ. ಎರಡು ಅಂಗಳ, ಸುತ್ತ ಮೂರು ಅಂತಸ್ತು, ಎಲ್ಲಿ ನೋಡಿದರೂ ರಿವೇರಾ ಅನ್ನೋ ಚಿತ್ರಗಾರ ನೂರು ವರ್ಷದ ಹಿಂದೆ ಬರೆದ ಗೋಡೆಗಳು. ನಮ್ಮ ಶಿಕ್ಷಣ ಇಲಾಖೆ ಆಫೀಸಿನಲ್ಲಿ ಏನಿದೆ ಹೇಳು? ಮುರಿದ ಬೆಂಚು, ಕಟ್ಟಿಟ್ಟ ಫೈಲು. ಇಲ್ಲಿ ಕಬ್ಬು ಕಡಿಯೋರು, ಬಟ್ಟೆಗೆ ಬಣ್ಣ ಹಾಕೋರು, ಗಣಿ ಕೆಲಸದವರು. ಹೆಗಲ ಮೇಲೆ ತೊಲೆ ಹೊತ್ತು ಬಗ್ಗಿ ಗಣಿಯೊಳಕ್ಕೆ ಇಳೀತಾರೆ, ಮುಖವೇ ಸರಿಯಾಗಿ ಕಾಣಲ್ಲ. ಪಕ್ಕದ ಚಿತ್ರದಲ್ಲಿ ಅದೇ ಗಣಿಯಿಂದ ಹೊರಗೆ ಬಂದವನೊಬ್ಬ ಕೈ ಎರಡೂ ಚಾಚಿ ನಿಂತಿದ್ದಾನೆ, ಅವನ ಮೈ ತಡವಿ ತಪಾಸಣೆ ಮಾಡ್ತಿದ್ದಾರೆ. ನಮ್ಮ ಚಿಕ್ಕಪ್ಪ ಕೆಜಿಎಫ್ ಗಣಿಯ ಬಾಗಿಲಲ್ಲಿ ಹೀಗೇ ಕೈ ಚಾಚಿ ನಿಲ್ಲಬೇಕಿತ್ತು ಅಂತ ಹೇಳ್ತಿರಲಿಲ್ಲವೇನೋ! ಲೂಪೆಗೆ ಅದನ್ನ ಹೇಳಿದೆ. ಅವಳು ನನ್ನ ಕೈ ಹಿಡಿದು ಮತ್ತೆ ಆ ಚಿತ್ರದ ಹತ್ತಿರಕ್ಕೆ ಕರೆದುಕೊಂಡು ಹೋದಳು.

ನಿನಗೆ ಇಷ್ಟ ಆಗೋ ಮಾತು ಒಂದಿದೆ. ಇವರದು ಒಣ ಗೋಡೆ ಮೇಲೆ ಬರೆದ ಚಿತ್ರ ಅಲ್ಲ. ಬೆಳಿಗ್ಗೆ ಮೊದಲು ಗಾರೆಯವನು ಬಂದು ಅವತ್ತು ಎಷ್ಟು ಬರೆಯೋಕಾಗುತ್ತೋ ಅಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಹಾಕಬೇಕು. ಅದು ಹಸಿ ಇರುವಾಗಲೇ ಚಿತ್ರಗಾರ ಬಣ್ಣ ಹಚ್ಚಿ ಮುಗಿಸಬೇಕು. ಒಣಗ್ತಾ ಒಣಗ್ತಾ ಸುಣ್ಣವೇ ಬಣ್ಣ ಹಿಡಿದುಕೊಳ್ಳುತ್ತೆ. ಆಮೇಲೆ ಮಳೆ ಬಂದರೂ ಸರಿ, ಮೇಕೆ ಉಜ್ಜಿದರೂ ಸರಿ.

ಗೋಡೆಯ ಒಂದು ಫೋಟೋ ಕಳಿಸೋ. ಲೂಪೆಗೆ ತೋರಿಸಬೇಕು.

ಅಕ್ಕ

*

ಟೇಕಲ್
ಮಾರ್ಚ್ ೪, ಮಂಗಳವಾರ

ಅಕ್ಕನಿಗೆ ನಮಸ್ಕಾರ.

ಫೋಟೋ ಕಳಿಸೋಕೆ ಆಗಲ್ಲ. ಶಿರೀಷಾ ಫೋನಿನ ಕ್ಯಾಮೆರಾ ಕೆಟ್ಟುಹೋಗಿದೆ. ಗೋಡೆ ಚೆನ್ನಾಗಿದೆ, ಬೆಳ್ಳಗೆ ಲಕಲಕ ಅಂತಿದೆ. ಅಂದ್ರೆ ಗೋಡೆ ಬೆಳ್ಳಗೆ, ಚಿತ್ರ ಕಪ್ಪಗೆ.

ಹಸಿ ಗಾರೆ ವಿಷಯ ಓದಿ ನಿದ್ದೆನೇ ಬರಲಿಲ್ಲ ಅಕ್ಕ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ್ದೀನಿ, ಗಾರೆಯೋನು ಬರೋ ತನಕ ಚಿತ್ರಗಾರ ಕಾಯಬೇಕು ಅನ್ನೋ ಮಾತು ಇವತ್ತೇ ಕೇಳಿದ್ದು. ಅವರು ಮರಳು ಎಷ್ಟು ಹಾಕ್ತಿದ್ರು, ಸುಣ್ಣ ಎಷ್ಟು ದಿನ ಕೊಳೆಸ್ತಿದ್ರು, ಕೇಳು. ಅಷ್ಟು ದೊಡ್ಡ ಗೋಡೆಗೆ ಗಾರೆ ಹಾಕಿದೋನ ಹೆಸರು ಎಲ್ಲಾದ್ರೂ ಬರ್ದಿದ್ದಾರಾ ಅದನ್ನೂ ನೋಡು.

ಇನ್ನೊಂದು ವಿಷಯ. ನಿನ್ನ ಚಿತ್ರದ ಮೇಲೆ ನನಗೆ ಆಸಕ್ತಿ ಬಂದಿದೆ. ಎಡಗಡೆಯಿಂದ ಮೂರನೆಯೋಳು ಯಾರು? ಕ್ಯಾನು ಅವಳ ಯಾವ ಕೈಲಿದೆ? ಅಮ್ಮ ತಲೆ ಮೇಲೆ ಸಿಂಬೆ ಇಟ್ಟಿದ್ದಾಳಾ, ಇಲ್ವಾ? ಕೊನೆಯಿಂದ ಎರಡನೆಯೋಳು ಕುಳ್ಳಗಿದ್ದಾಳಲ್ಲ, ಅದು ಭಾರತಮ್ಮನಾ? ಎಲ್ಲಾ ವಿವರವಾಗಿ, ಮೊಳ ಗೇಣು ಲೆಕ್ಕದಲ್ಲಿ ಬರಿ. ಸುಮ್ನೆ ತಿಳ್ಕೊಳ್ಳೋಣ ಅಂತ.

ಮುನಿಕೃಷ್ಣ

*

ಮೆಕ್ಸಿಕೋ ನಗರ
ಮಾರ್ಚ್ ೬, ಗುರುವಾರ

ಲೇ ಮುನಿ,

ಕ್ಯಾಮೆರಾ ಕೆಟ್ಟಿದ್ದರೆ ನಿನ್ನ ಕಾಗದದ ಫೋಟೋ ನನಗೆ ಹೇಗಪ್ಪ ಬಂತು?

ಹೋಗಲಿ ಬಿಡು. ನಿನ್ನ ಪ್ರಶ್ನೆಗಳನ್ನ ಬಸ್ಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅರವತ್ತೊಂದು ವರ್ಷದಲ್ಲಿ ನನ್ನ ಚಿತ್ರದ ಬಗ್ಗೆ ಮನೆಯವರು ಯಾರೂ ಇಷ್ಟು ಕೇಳಿರಲಿಲ್ಲ. ನೀನಂತೂ ಇಲ್ಲಿವರೆಗೆ, ಚೆನ್ನಾಗಿದೆ ಬಿಡಕ್ಕ, ಊಟಕ್ಕೆ ಬಾ, ಅನ್ನೋದು ಬಿಟ್ಟು ಬೇರೆ ಏನೂ ಹೇಳಿದ್ದಿಲ್ಲ. ಸಂತೋಷದಿಂದ ಎರಡೆರಡು ಸಲ ಓದಿದೆ ಕಣೋ.

ಮೂರನೆಯವಳು ಗಂಗಾಲಕ್ಷ್ಮಿ, ಕ್ಯಾನು ಬಲಗೈಯಲ್ಲಿ. ಅಮ್ಮನ ತಲೆ ಮೇಲೆ ಸಿಂಬೆ ಇದೆ, ಸಿಂಬೆ ಮೇಲೆ ಕ್ಯಾನು. ಪಾದದಿಂದ ಸಿಂಬೆಗೆ ಮೂರೂವರೆ ಮೊಳ. ಕುಳ್ಳಗಿರೋಳು ಭಾರತಮ್ಮನೇ, ಆದರೆ ಅವಳ ಮುಂದೆ ಹಾಗನ್ನಬೇಡ. ಎಲ್ಲರ ನಡುವೆ ಒಂದೊಂದು ಗೇಣು ಬಿಟ್ಟಿದ್ದೀನಿ, ಒಂಬತ್ತು ಜನವೂ ನೇರ ನಮ್ಮನ್ನೇ ನೋಡ್ತಿದ್ದಾರೆ.

ನಿನ್ನೆ ಒಬ್ಬ ವಾಸ್ತುಶಿಲ್ಪಿಯ ಮನೆಗೆ ಕರೆದುಕೊಂಡು ಹೋಗಿದ್ದರು. ಗುಲಾಬಿ ಬಣ್ಣದ ಗೋಡೆ, ಚಿತ್ರ ಇಲ್ಲ, ಏನೂ ಇಲ್ಲ, ಬರೀ ಬಣ್ಣ ಮತ್ತು ಬಿಸಿಲು. ಒಂದು ಕಡೆ ಗೋಡೆಯಿಂದ ಹೊರಟ ಹಲಗೆ ಮೆಟ್ಟಿಲು, ಹಿಡಿದುಕೊಳ್ಳೋಕೆ ಕಂಬಿಯೇ ಇಲ್ಲ. ಇವತ್ತು ವಿಶ್ವವಿದ್ಯಾಲಯದ ಗ್ರಂಥಾಲಯ ನೋಡಿದ್ವಿ. ಆಕಾಶದೆತ್ತರದ ಕಟ್ಟಡ, ನಾಲ್ಕು ಕಡೆಯೂ ಚಿತ್ರ, ಬಣ್ಣ ಹಚ್ಚಿದ್ದಲ್ಲ, ದೇಶವೆಲ್ಲ ಸುತ್ತಿ ಬಣ್ಣಬಣ್ಣದ ಕಲ್ಲು ಆರಿಸಿ ತಂದು ಕೂರಿಸಿದ್ದು. ಅದರ ಕೆಳಗೆ ತುಂಬ ಹೊತ್ತು ಕೂತಿದ್ದೆ.

ಗಾರೆಯವನ ಹೆಸರು ಎಲ್ಲೂ ಕಾಣಲಿಲ್ಲ. ಲೂಪೆಯನ್ನ ಕೇಳಿದೆ, ಅವಳಿಗೂ ಗೊತ್ತಿಲ್ಲ.

ಕಾಲು ನೋಯ್ತಾ ಇದೆ. ಇವತ್ತಿಗೆ ಸಾಕು.

ಅಕ್ಕ

*

ಟೇಕಲ್
ಮಾರ್ಚ್ ೮, ಶನಿವಾರ

ಅಕ್ಕನಿಗೆ ನಮಸ್ಕಾರ.

ಕ್ಯಾಮೆರಾ ಹತ್ತಿರದ್ದು ತೆಗೀತದೆ, ದೂರದ್ದು ತೆಗಿಯಲ್ಲ. ಹಂಗೆ ಕೆಟ್ಟಿದೆ.

ನಿನ್ನ ಕಾಗದ ಕೊನೆಯಲ್ಲಿ ಪಟಕ್ಕನೆ ನಿಂತುಹೋಗಿದ್ದು ನೋಡಿ ಗಾಬರಿ ಆಯ್ತು. ಮೂರು ಪುಟಕ್ಕೆ ಕಡಿಮೆ ಬರೆಯೋಳೇ ಅಲ್ಲ ನೀನು. ಕಂಬಿ ಇಲ್ಲದ ಮೆಟ್ಟಿಲು ಹತ್ತಿದೆಯಾ? ಬಿದ್ದೆಯಾ? ನಿಜ ಹೇಳು. ಯಾವ ಮೇಸ್ತ್ರಿ ಅದನ್ನ ಕಟ್ಟಿದ್ದು, ನಮ್ಮೂರಲ್ಲಿ ಆಗಿದ್ರೆ ಗೃಹಪ್ರವೇಶದ ದಿನವೇ ಬೈಸ್ಕೋತಿದ್ದ. ಡಾಕ್ಟರು ರೆಸ್ಟ್ ತಗೋ ಅಂದ್ರೆ ತಗೋ. ಎರಡು ದಿನ, ನಾಲ್ಕು ದಿನ ತಡವಾಗಿ ಬಂದ್ರೂ ಪರವಾಗಿಲ್ಲ. ಉದ್ಘಾಟನೆ ಮುಂದಕ್ಕೆ ಹಾಕೋಣ ಅಂತ ಮುನಿರಾಮಪ್ಪನ್ನ ಕೇಳಿದೆ. ಎಮ್ಮೆಲ್ಲೆ ಡೇಟು ಕೊಟ್ಟಾಗಿದೆ, ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ರೂ ಹದಿನಾರೇ ಅಂದ. ನಾಳೆ ಇನ್ನೊಂದು ಸಲ ಕೇಳ್ತೀನಿ.

ನೀನು ಕೊಟ್ಟ ಅಳತೆ ಬಹಳ ಉಪಯೋಗ ಆಯ್ತು. ಅಂದ್ರೆ, ತಿಳ್ಕೊಳ್ಳೋಕೆ. ಅಮ್ಮನ ಮೂಗು ಹೇಗಿತ್ತು ಅಂತ ಬರ್ದಿಲ್ಲ ನೀನು. ನನಗೂ ಸರಿಯಾಗಿ ನೆನಪಾಗ್ತಾ ಇಲ್ಲ. ಸ್ವಲ್ಪ ಬರಿ.

ಮುನಿಕೃಷ್ಣ

*

ಮೆಕ್ಸಿಕೋ ನಗರ
ಮಾರ್ಚ್ ೧೦, ಸೋಮವಾರ

ಮುನೀ,

ನಾನು ಬಿದ್ದಿಲ್ಲ. ಕಾಲು ಚೆನ್ನಾಗಿದೆ. ಕಾಲಿನ ನೆಪ ಹೇಳಿ ಕಾಗದ ಮುಗಿಸಿದ್ದೆ ಅಷ್ಟೆ. ನೀನು ಅಮ್ಮನ ಮೂಗು ಕೇಳಿದ ಮೇಲೆ ಇನ್ನು ಮುಚ್ಚಿಡೋಕೆ ಆಗಲ್ಲ.

ಆ ಗೋಡೆ ಮೇಲಿರೋದು ಅಮ್ಮನ ಮುಖ ಅಲ್ಲ ಕಣೋ. ನಾನು ಎಷ್ಟು ಪ್ರಯತ್ನಪಟ್ಟೆ ಗೊತ್ತಾ. ಏಣಿ ಮೇಲೆ ಕೂತು ಕಣ್ಣು ಮುಚ್ಚಿದರೆ ಅವಳ ಮುಖ ಬರ್ತಾನೇ ಇರಲಿಲ್ಲ. ಕೊನೆಗೆ ಬ್ಯಾಗಿನಿಂದ ಕನ್ನಡಿ ತೆಗೆದು ನನ್ನ ಮುಖವನ್ನೇ ಬರೆದು ಎರಡು ಸುಕ್ಕು ಹೆಚ್ಚಿಗೆ ಹಾಕಿದೆ. ಹೆತ್ತ ತಾಯಿಯ ಮುಖ ನೆನಪಿಲ್ಲದವಳು ನಾನೆಂಥಾ ಡ್ರಾಯಿಂಗ್ ಮೇಡಂ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ.

ಇಲ್ಲಿಗೆ ಬಂದ ಮೇಲೆ ಇನ್ನೂ ಒಂದು ತಿಳೀತು. ಇಲ್ಲಿಯ ಗೋಡೆಗಳಲ್ಲಿ ಯಾರೂ ಪುರುಸೊತ್ತಾಗಿ ನಿಂತಿಲ್ಲ. ಎಲ್ಲರಿಗೂ ಕೆಲಸ ಇದೆ. ನನ್ನ ಒಂಬತ್ತು ಜನ ಮದುವೆ ಮನೆಯ ಗ್ರೂಪ್ ಫೋಟೋಗೆ ನಿಂತಿದ್ದಾರೆ. ಲೂಪೆ ನನ್ನ ನೋಟ್‌ಬುಕ್ಕಿನಲ್ಲಿದ್ದ ನಕಲು ನೋಡಿ, ಚೆನ್ನಾಗಿದೆ ಅಂದಳು. ಮಕ್ಕಳು ಹೂದಾನಿ ಬರೆದು ತಂದಾಗ ನಾನೂ ಹಾಗೇ ಹೇಳ್ತಿದ್ದೆ.

ಅದಕ್ಕೆ ಕೇಳ್ತಾ ಇದ್ದೀನಿ, ನೊಂದುಕೋಬೇಡ. ಅದನ್ನೆಲ್ಲ ಅಳಿಸಿಬಿಡು. ಒಂದು ಬಕೆಟ್ ಸುಣ್ಣ ಕಲಸಿ ಬಳಿದುಬಿಡು. ಅದರ ಬದಲು ಏನು ಬರೆಯೋದು ಅಂತ ನನಗೆ ಗೊತ್ತಿಲ್ಲ. ಗೊತ್ತಾಗದಿದ್ದರೆ ಗೋಡೆ ಸಿಮೆಂಟ್ ಕಂಪನಿಗೇ ಹೋಗಲಿ. ನೀನು ಇಷ್ಟು ಆಸೆಯಿಂದ ಮೊಳ ಗೇಣು ಕೇಳ್ತಾ ಇದ್ದರೆ ಇದನ್ನ ಹೇಗೆ ಹೇಳೋದು ಅಂತ ನಾಲ್ಕು ದಿನದಿಂದ ಒದ್ದಾಡಿದೆ. ಹತ್ತು ದಿನ ಬಿಸಿಲಲ್ಲಿ ನಿಂತು ಆ ಗೋಡೆ ಮಾಡಿಕೊಟ್ಟೋನು ನೀನು. ಬೈಯೋದಿದ್ದರೆ ಬೈದುಬಿಡು.

ಶಾಮಲ

*

ಟೇಕಲ್
ಮಾರ್ಚ್ ೧೦, ಸೋಮವಾರ

ಅಕ್ಕ,

ನಮಸ್ಕಾರ ಹಾಕೋಕೂ ಮುಖ ಇಲ್ಲ. ಮುನಿರಾಮಪ್ಪ ಇವತ್ತೂ ಆಗಲ್ಲ ಅಂದ. ಇನ್ನು ಐದು ದಿನಕ್ಕೆ ನೀನು ಬಂದು ನೋಡೇ ನೋಡ್ತೀಯ, ಅದಕ್ಕೆ ನಾನೇ ಹೇಳ್ತೀನಿ. ಕೂತ್ಕೊಂಡು ಓದು.

ಗೋಡೆ ಮೇಲೆ ನಿನ್ನ ಚಿತ್ರ ಇಲ್ಲ. ನಾನೇ ನನ್ನ ಕೈಯಾರೆ ಹಾಳು ಮಾಡಿದೆ. ಇದ್ದಲು ಉದುರ್ತದಲ್ಲ, ಸುಣ್ಣದ ತಿಳಿನೀರು ಹೊಡೆದ್ರೆ ಹಿಡ್ಕೊಳ್ತದೆ ಅಂತ ಒಂದು ಕೋಟು ಹೊಡೆದೆ. ಹಿಡ್ಕೊಂಡಿತು. ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂತೀಯ! ಅಲ್ಲಿಗೆ ಬಿಟ್ಟಿದ್ರೆ ನಾನು ಮನುಷ್ಯ. ಇನ್ನೂ ಗಟ್ಟಿಯಾಗಲಿ ಅಂತ ಎರಡನೇ ಕೋಟು. ಮೂರನೇದಕ್ಕೆ ತಿಳಿ ಸಾಲಲಿಲ್ಲ, ತಳದಲ್ಲಿದ್ದ ಗಟ್ಟಿ ಸುಣ್ಣ ಕಲಕಿ ಅದನ್ನೂ ಬಳಿದೆ. ಹಸಿಯಲ್ಲಿ ಚಿತ್ರ ಕಾಣ್ತಾನೇ ಇತ್ತು. ಖುಷಿಯಾಗಿ ಮನೆಗೆ ಹೋಗಿ ಊಟ ಮಾಡ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಗೋಡೆ ಮಲ್ಲಿಗೆ ಹೂ. ಸುಣ್ಣ ಹಸಿಯಲ್ಲಿ ಕಾಣಲ್ಲ, ಒಣಗಿದ ಮೇಲೆ ಬೆಳ್ಳಗಾಗ್ತದೆ ಅಂತ ಕೂಲಿಗೆ ಬಂದ ಹೊಸ ಹುಡುಗರಿಗೆ ದಿನಾ ಹೇಳಿಕೊಡೋನು ನಾನು. ಅಯ್ಯೋ ದೇವುಡಾ ಅಂತ ಓಡಿಹೋಗಿ ಶಿರೀಷಾನ ಕರ್ಕೊಂಡು ಬಂದೆ.

ಅಮ್ಮನ ಮುಖವನ್ನ ಬಳಿದು ಅಳಿಸಿದೆನಲ್ಲ, ಅದೇ ಸಂಕಟ.

ಆಮೇಲೆ ಶಿರೀಷಾ ಒಂದು ಉಪಾಯ ಮಾಡಿದಳು. ಟೊಮೇಟೊಗೆ ಔಷಧಿ ಹೊಡೆಯೋ ಸ್ಪ್ರೇಯರ್ ಚೆನ್ನಾಗಿ ತೊಳೆದು, ಬರೀ ನೀರು ತುಂಬಿ ಗೋಡೆಗೆ ಹೊಡೆದಳು. ಗೋಡೆ ನೆಂದಾಗ ಗೆರೆ ಮಸುಮಸುಕಾಗಿ ಮೇಲೆ ಬರ್ತದೆ ಅಕ್ಕ! ಒಣಗಿದ್ರೆ ಮಾಯ. ಅದಕ್ಕೆ ಅವಳು ನೀರು ಹೊಡೆಯೋದು, ನಾನು ಒಣಗೋದರೊಳಗೆ ಇದ್ದಲಲ್ಲಿ ಗೆರೆ ಹಿಡಿಯೋದು. ಕಾಣದೇ ಇರೋ ಕಡೆಗೆ ನಿನ್ನ ಮೊಳ ಗೇಣು. ಅದಕ್ಕೇ ನಿನ್ನ ಅಷ್ಟೊಂದು ಕೇಳಿದ್ದು, ಆಸಕ್ತಿಯೂ ಇಲ್ಲ ಮಣ್ಣೂ ಇಲ್ಲ.

ತಲೆ ಬಂತು, ಭುಜ ಬಂತು, ಕ್ಯಾನು ಬಂತು. ಮುಖ ಬರಲೇ ಇಲ್ಲ. ಸಣ್ಣ ಗೆರೆ ಅಲ್ವಾ, ಸುಣ್ಣ ನುಂಗಿಬಿಟ್ಟಿದೆ. ನಾನೇ ಕಣ್ಣು ಮೂಗು ಇಟ್ಟು ನೋಡಿದೆ, ಗಂಗಾಲಕ್ಷ್ಮಿ ಬಂದು ನೋಡಿ, ಇದೇನು ಕೃಷ್ಣಣ್ಣ ದೃಷ್ಟಿಬೊಂಬೆನಾ ಅಂದಳು. ಒರೆಸಿಬಿಟ್ಟೆ. ಮುಖ ಇಲ್ಲದ ಎಂಟು ತಲೆ ನೋಡ್ತಾ ಕೂತಿದ್ದಾಗ ಹೊಳೀತು, ಇವರು ಡೈರಿ ಕಿಟಕಿಗೆ ಮುಖ ಮಾಡಿ ನಿಂತಿದ್ದಾರೆ ಅಂದ್ಕೊಂಡ್ರೆ ಆಯ್ತಲ್ಲ! ಹಾಲು ಹಾಕೋಕೆ ಬಂದೋರು ರಸ್ತೆ ಕಡೆ ಯಾಕೆ ನೋಡ್ತಾರೆ? ಎಲ್ಲರಿಗೂ ಮುಖದ ಬದಲು ಒಂದೊಂದು ತುರುಬು ಇಟ್ಟೆ. ಬೆನ್ನು ತಿರುಗಿಸಿ ಸಾಲಾಗಿ ನಿಂತುಬಿಟ್ಟರು.

ಬಣ್ಣಕ್ಕೆ ಕೆಮ್ಮಣ್ಣು, ಬಟ್ಟೆ ನೀಲಿ, ಇದ್ದಲು, ಸುಣ್ಣ. ಸುದ್ದಿ ಗೊತ್ತಾಗಿ ಹೆಂಗಸರೆಲ್ಲ ಬಂದ್ರು. ಇಲ್ಲಿವರೆಗೆ ಯಾರೂ ಅವರವರ ಬೆನ್ನು ನೋಡ್ಕೊಂಡೇ ಇರಲಿಲ್ವಲ್ಲ, ಒಬ್ಬರನ್ನೊಬ್ಬರು ತಿರುಗಿಸಿ ತಿರುಗಿಸಿ ನೋಡಿದ್ದೇ ನೋಡಿದ್ದು. ಭಾರತಮ್ಮ ಸೊಂಟಕ್ಕೆ ಕೈಯಿಟ್ಟು, ನಾ ಈಪು ಇಂತ ಉಂಟುಂದಾ, ನನ್ನ ಬೆನ್ನು ಇಷ್ಟು ದೊಡ್ಡದಾಗಿದೆಯಾ ಅಂತ ಜಗಳಕ್ಕೆ ಬಂದಳು. ಗೇಣು ಹಾಕಿ ತೋರಿಸಿದ ಮೇಲೆ ಒಪ್ಪಿಕೊಂಡಳು. ಅವಳ ಸೀರೆಗೆ ಅವಳೇ ಬಣ್ಣ ಹಚ್ಚಿಕೊಂಡಿದ್ದಾಳೆ, ಅಂಚಿಗೆ ಮಾತ್ರ ಅವಳ ಸೀರೆಯಲ್ಲಿ ಇಲ್ಲದ ಜರಿ ಹಾಕ್ಕೊಂಡಿದ್ದಾಳೆ.

ಎಂಟು ಜನ ಮುಗಿದಿದ್ದಾರೆ. ನೀನು ಬರೆದಿದ್ದು ಇದಲ್ಲ ಅಂತ ಗೊತ್ತು. ನಿನ್ನ ಗೋಡೆ ನನ್ನ ಕೈಲಿ ಹಾಳಾಯ್ತು. ಏನು ಶಿಕ್ಷೆ ಕೊಟ್ರೂ ತಗೋತೀನಿ.

ಮುನಿಕೃಷ್ಣ

*

ಮೆಕ್ಸಿಕೋ ನಗರ
ಮಾರ್ಚ್ ೧೧, ಮಂಗಳವಾರ

ಲೋ ಮುನಿಕೃಷ್ಣಾ!

ನಿನ್ನ ಕಾಗದ ಬಸ್ಸಿನಲ್ಲಿ ಓದಿದೆ. ನಗು ತಡೆಯೋಕಾಗದೆ ಮುಂದಿನ ಸೀಟಿಗೆ ಹಣೆ ಇಟ್ಟು ನಕ್ಕೆ, ಆಮೇಲೆ ಅಳು ಬಂತು, ಮತ್ತೆ ನಗು. ಮುರಳಿಮೋಹನ್ ಹೆದರಿ ನೀರಿನ ಬಾಟಲು ಹಿಡಿದುಕೊಂಡು ಓಡಿಬಂದ. ನಮ್ಮಿಬ್ಬರ ಕಾಗದವೂ ಒಂದೇ ದಿನದ್ದು, ದಾರಿಯಲ್ಲಿ ಒಂದರ ಪಕ್ಕ ಒಂದು ಹಾದು ಹೋಗಿವೆ. ಸುಣ್ಣ ಬಳಿದುಬಿಡು ಅಂತ ನಾನು ಅಂಗಲಾಚ್ತಾ ಇದ್ದೀನಿ, ಬಳಿದುಬಿಟ್ಟೆ ಅಂತ ನೀನು ಅಳ್ತಾ ಇದ್ದೀಯ. ಎಂಥಾ ಅಕ್ಕ ತಮ್ಮನೋ ನಾವು.

ಶಿರೀಷಾ ಫೋಟೋನೂ ಕಳಿಸಿದ್ದಾಳೆ, ಅವಳ ಕೆಟ್ಟ ಕ್ಯಾಮೆರಾದಲ್ಲಿ. ಲೂಪೆ ಅದನ್ನ ದೊಡ್ಡದು ಮಾಡಿ ಮಾಡಿ ನೋಡಿದಳು. ಈ ಸಲ ಚೆನ್ನಾಗಿದೆ ಅನ್ನಲಿಲ್ಲ. ಇವರು ಯಾರು, ಅಷ್ಟು ಬೆಳಿಗ್ಗೆ ಎಷ್ಟು ದೂರದಿಂದ ನಡೆದು ಬಂದಿದ್ದಾರೆ, ಆ ಕುಳ್ಳಿಯ ಕಾಲು ಯಾಕೆ ಒಂದು ಕಡೆ ವಾಲಿದೆ ಅಂತ ಕೇಳಿದಳು. ಮೊಣಕಾಲು ನೋವು ಅಂತ ಹೇಳಿದೆ. ಭಾರತಮ್ಮನ ಮೊಣಕಾಲು ನಾನು ನೋಡಿಯೇ ಇರಲಿಲ್ಲ. ನೀನು ನೋಡಿದ್ದೀಯ. ಗಣಿಗೆ ಇಳಿಯೋರ ಚಿತ್ರದ ಮುಂದೆ ಒಂದು ಗಂಟೆ ನಿಂತು ನನಗೆ ಹೊಳೆಯದೇ ಇದ್ದದ್ದು ನಿನ್ನ ಸುಣ್ಣದ ಬಕೆಟ್ಟಿಗೆ ಹೊಳೆದಿದೆ.

ಇನ್ನು ಅಮ್ಮ. ಅವಳ ಮುಖ ನಮಗೆ ಯಾಕೆ ನೆನಪಿಲ್ಲ ಅಂತ ಈಗ ಗೊತ್ತಾಯ್ತು ಕಣೋ. ಕತ್ತಲಿರುವಾಗಲೇ ಎಬ್ಬಿಸಿ ಡೈರಿಗೆ ಕರೆದುಕೊಂಡು ಹೋಗ್ತಿದ್ದಳಲ್ಲ, ನಾವು ನೋಡ್ತಾ ನಡೆದದ್ದು ಅವಳ ಬೆನ್ನನ್ನೇ. ಅದು ನನಗೆ ಇವತ್ತಿಗೂ ಎಳೆ ಎಳೆಯಾಗಿ ಗೊತ್ತು. ಸೀರೆಗೆ ಭುಜದ ಕೆಳಗೆ ಒಂದು ತೇಪೆ ಇತ್ತು. ಯಾವ ಬಣ್ಣ, ಹೇಳು ನೋಡೋಣ. ಯಾರನ್ನೂ ಕೇಳದೆ ಹೇಳಬೇಕು.

ಎಂಟು ಜನ ಮುಗಿದಿದ್ದಾರೆ ಅಂತ ಬರೆದಿದ್ದೀಯ. ಒಂಬತ್ತನೆಯವಳನ್ನ ಯಾಕೆ ಬರೆದಿಲ್ಲ? ಭಾನುವಾರದೊಳಗೆ ಆಗಬೇಕು, ನೆನಪಿರಲಿ. ಸಿಮೆಂಟ್ ಕಂಪನಿಯೋನು ಬಂದರೆ ಅವನ ಟೇಪು ಕಿತ್ತುಕೋ.

ಶಿಕ್ಷೆ ಕೇಳಿದೆಯಲ್ಲ, ಇದೇ ಶಿಕ್ಷೆ: ಗೋಡೆಯ ಕೆಳಗೆ ಹೆಸರು ಬರೆಯೋವಾಗ ಮೊದಲು ಗಾರೆಯವನ ಹೆಸರು, ಆಮೇಲೆ ನನ್ನದು.

ಅಕ್ಕ

*

ಟೇಕಲ್
ಮಾರ್ಚ್ ೧೩, ಗುರುವಾರ

ಅಕ್ಕನಿಗೆ ಮುನಿಕೃಷ್ಣನ ನಮಸ್ಕಾರ.

ತೇಪೆ ನೀಲಿ. ಅಪ್ಪನ ಹಳೇ ಲುಂಗಿ ಹರಿದು ಹಾಕಿದ್ದು, ಚೌಕಳಿ ಇತ್ತು. ಒಂದು ಮೂಲೆ ಹೊಲಿಗೆ ಬಿಚ್ಚಿ ನಡೀವಾಗ ಪಟಪಟ ಅಂತಿತ್ತು. ಸರಿಯಾ?

ನೀನು ಬರೆದ ಅಮ್ಮ ನಿನ್ನ ಥರಾನೇ ಇದ್ದಾಳೆ ಅಂತ ಊರೆಲ್ಲ ಆಗಲೇ ಅಂದಿದ್ರು. ನೀನು ಬೇಜಾರು ಮಾಡ್ಕೊಳ್ತೀಯ ಅಂತ ನಾನು ಬಾಯಿ ಬಿಡಲಿಲ್ಲ.

ಅಮ್ಮನ್ನ ನಾನು ಬರ್ದಿಲ್ಲ. ಬರೆಯೋಕೆ ಧೈರ್ಯ ಬರಲಿಲ್ಲ, ಆಮೇಲೆ ಇದು ನಿನ್ನದು ಅನ್ನಿಸ್ತು. ಎಡತುದಿಯಲ್ಲಿ ಸಿಂಬೆ ತನಕ ಮೂರೂವರೆ ಮೊಳ, ಮೇಲೆ ಕ್ಯಾನಿಗೆ ಇನ್ನೊಂದು ಮೊಳ ಎತ್ತರ, ಒಂದೂವರೆ ಮೊಳ ಅಗಲ ಹಳೇ ಗಾರೆ ಕೆತ್ತಿ ಹಾಕಿದ್ದೀನಿ. ಇಟ್ಟಿಗೆ ಕಾಣ್ತಾ ಇದೆ. ಮುನಿರಾಮಪ್ಪ ಬಂದು ಇದೇನಯ್ಯ ಹೊಸ ಕಟ್ಟಡಕ್ಕೆ ತೂತು ಅಂತ ಕೂಗಾಡಿದ. ಶನಿವಾರ ಸಂಜೆ ತನಕ ಬಾಯಿ ಮುಚ್ಕೊಂಡಿರು ಅಂದೆ. ಎಂಟು ಬೆನ್ನಲ್ಲಿ ಅವನ ಹೆಂಡತಿದೂ ಒಂದಿದೆ, ಅದಕ್ಕೆ ಸುಮ್ನಾದ.

ಸುಣ್ಣ ಚೆನ್ನಾಗಿ ಕೊಳೆತಿದೆ, ಮರಳು ಎರಡು ಸಲ ಜಾಲಿಸಿಟ್ಟಿದ್ದೀನಿ. ಶನಿವಾರ ನಿನ್ನ ರೈಲು ಬೆಂಗಳೂರು ಬಿಡ್ತು ಅಂತ ಶಿರೀಷಾಗೆ ಫೋನು ಬಂದ ಕೂಡಲೇ ಗಾರೆ ಕಲಸ್ತೀನಿ. ನೀನು ಟೇಕಲ್ ಸ್ಟೇಷನ್ನಲ್ಲಿ ಇಳಿಯೋ ಹೊತ್ತಿಗೆ ಕೊನೇ ಕೈ ಎಳೆದಿರ್ತೀನಿ. ಹಸಿ ಗಾರೆ ಅಕ್ಕ, ಸಂಜೆ ತನಕ ಕಾಯ್ತದೆ, ಆಮೇಲೆ ಯಾರ ಮಾತೂ ಕೇಳಲ್ಲ. ಮನೆಗೆ ಹೋಗಿ ಮುಖ ತೊಳ್ಕೊಂಡು ಬರ್ತೀನಿ, ಕಾಫಿ ಕುಡ್ಕೊಂಡು ಬರ್ತೀನಿ ಅಂತೆಲ್ಲ ಅನ್ನಬೇಡ. ನಿನ್ನ ಸೂಟ್‌ಕೇಸು ಶಿರೀಷಾ ಹಿಡ್ಕೋತಾಳೆ. ನೀನು ನೇರ ಗೋಡೆ ಹತ್ರ ಬಾ. ನೀಲಿ ಕಲಸಿ ಇಟ್ಟಿರ್ತೀನಿ.

ಅವಾಗ ಅಮ್ಮ ಮುಂದೆ, ನೀನು ನಡುವೆ, ನಾನು ನಿನ್ನ ಲಂಗ ಹಿಡ್ಕೊಂಡು ಹಿಂದೆ ಬರ್ತಿದ್ನಲ್ಲ. ಶನಿವಾರವೂ ಹಂಗೇ. ನೀನು ಬರಿ, ನಾನು ಹಿಂದೆ ನಿಂತಿರ್ತೀನಿ.

ಮುನಿಕೃಷ್ಣ